ಎದುರು ಅಂಗೈ – ಒಂಬತ್ತನೆಯ ಕಂತು: ಮೂರು ವರ್ಷದ ಹಿಂದಿನ ಕೈ

"ಇನ್ನೊಂದು ಸಲ ಹಾಕಿ," ಎಂದಳು ಕೆಂಡಮ್ಮ.

"ಹದಿನಾಲ್ಕು ಸಲ ನೋಡಿದ್ರಿ ಮೇಡಂ."

"ಹದಿನೈದನೇ ಸಲ ನೋಡ್ತೀನಿ. ನೋಡಿದ್ರೆ ಸವೆಯೋ ಮೇಜಲ್ಲವಲ್ಲ ನಿಮ್ದು."

ಮಾಲೀಕ ಉಸಿರು ಬಿಟ್ಟು ಗಾಜಿನ ಅಂಚನ್ನು ಒಂದು ಬೆರಳಿನಿಂದ ತಟ್ಟಿದ. ತಟ್ಟಿದ ಜಾಗವನ್ನು ತಕ್ಷಣ ಮೆತ್ತನೆಯ ಬಟ್ಟೆಯಿಂದ ಒರೆಸಿದ. ಬೆರಳಿಟ್ಟರೆ ಕೆಲಸ ಮಾಡುವ ಮೇಜುಗಳನ್ನು ತಯಾರಿಸಿ ಮಾರುವ ಈ ಮನುಷ್ಯನಿಗೆ ಬೆರಳಿನ ಗುರುತು ಕಂಡರೆ ಆಗುತ್ತಿರಲಿಲ್ಲ. ಬೆಳಗಿನಿಂದ ಅವನು ಒರೆಸುವುದನ್ನೇ ನೋಡಿ ನೋಡಿ ಕೆಂಡಮ್ಮನ ಮೈ ಉರಿದುಹೋಗಿತ್ತು.

ಮೇಜಿನ ಮೇಲ್ಭಾಗ ಪೂರ್ತಿ ಪರದೆ. ಅದರಲ್ಲಿ ನಗರದ ನಕ್ಷೆ ಮಂಕಾಗಿ ಮೂಡಿತು. ದಾರಿಯ ಗೆರೆಗಳಿಲ್ಲದ ಬೋಳು ನಕ್ಷೆ. ಸಮಿತಿ ಕೇಳಿರುವುದು ಅಂಗೈಗಳನ್ನು ಮಾತ್ರ, ಅಷ್ಟು ತೋರಿಸಿದರೆ ಸಾಕು ಎಂದು ಮಾಲೀಕ ಮೊದಲೇ ಹೇಳಿದ್ದ. ಎರಡು ಅಂಚುಗಳಲ್ಲಿ ಎದುರುಬದುರಾಗಿ, ಹಾಲು ಚೆಲ್ಲಿದ ಹಾಗೆ, ಎರಡು ಅಂಗೈಗಳು ಕಾಣಿಸಿಕೊಂಡವು. ಟಿಕ್, ಟಿಕ್, ಟಿಕ್, ಟಿಕ್. ನಾಲ್ಕು ಸೆಕೆಂಡು. ನಡುವೆ ಹೊಳೆಯುತ್ತಿದ್ದ ಕೆಂಪು ಚುಕ್ಕೆ ಆರಿಹೋಯಿತು.

ಆ ಕೆಂಪು ಚುಕ್ಕೆ ಅಗ್ನಿಶಾಮಕ ಠಾಣೆಯ ಏಣಿ ಗಾಡಿ. ಹನ್ನೊಂದು ದಿನದ ಹಿಂದೆ ಠಾಣೆಯ ಕಂಟ್ರೋಲ್ ರೂಮಿನಲ್ಲಿ ಇಂಥದ್ದೇ ಮೇಜಿನ ಮೇಲೆ ಅದನ್ನು ಅಳಿಸಲಾಗಿತ್ತು; ಆ ಗಳಿಗೆಯ ದಾಖಲೆಯೇ ಈಗ ಓಡಿದ್ದು. ಗಾಡಿ ಅರ್ಧ ದಾರಿಯಿಂದ ಹಿಂತಿರುಗಿತ್ತು. ಹತ್ತಿ ಗೋದಾಮಿನ ಮೂರನೆಯ ಮಹಡಿಯ ಕಿಟಕಿಯಲ್ಲಿ ಏಣಿಗಾಗಿ ಕಾದು ನಿಂತಿದ್ದ ಇಪ್ಪತ್ತಾರು ವರ್ಷದ ಅಗ್ನಿಶಾಮಕ ದಳದ ಹುಡುಗ ಕೆಳಗಿಳಿದು ಬರಲಿಲ್ಲ.

ಅವತ್ತು ಡ್ಯೂಟಿಯಲ್ಲಿದ್ದವರು ಮಾವ. ತಾಯಿ ತೀರಿಕೊಂಡ ಮೇಲೆ ಕೆಂಡಮ್ಮನನ್ನೂ ಅವಳ ತಂಗಿ ಪುಟ್ಟಿಯನ್ನೂ ಜಡೆ ಹೆಣೆದು ಶಾಲೆಗೆ ಕಳಿಸಿ ಸಾಕಿದ ಸೋದರಮಾವ. ಮೂವತ್ತು ವರ್ಷ ಬೆಂಕಿಯ ಜೊತೆ ಗುದ್ದಾಡಿ ಅವರ ಅಂಗೈಗಳು ಸುಟ್ಟು ಒಣಗಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದರು. ಮಾವನ ಕೈಯೇ ಇಕ್ಕಳ ಎಂದು ಹುಡುಗಿಯರು ನಗುತ್ತಿದ್ದರು. ಈಗ ಆ ಮಾವ ಲಾಕಪ್ಪಿನಲ್ಲಿ ಕೂತಿದ್ದರು. "ನಾನೇ ಒತ್ತಿದೆ" ಎಂದು ಒಂದು ಮಾತು ಹೇಳಿದವರು ಮತ್ತೆ ಬಾಯಿ ಬಿಟ್ಟಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ವಿಚಾರಣಾ ಸಮಿತಿ ಕೂರಲಿತ್ತು. ಅದರ ಕೈಯಲ್ಲಿದ್ದ ವರದಿ ಚಿಕ್ಕದು: ಒಂದು ಅಂಗೈ ಡ್ಯೂಟಿ ಅಧಿಕಾರಿಯದು, ಎದುರಿನ ಅಂಗೈ ಅವತ್ತು ಮೇಜಿನ ಕೆಲಸಕ್ಕೆಂದು ಅದೇ ಕೋಣೆಯಲ್ಲಿದ್ದ ಪುಟ್ಟಿಯದು. ಸಮಿತಿ ಒಪ್ಪಿದರೆ ಇಬ್ಬರೂ ಸಂಜೆಯೊಳಗೆ ಜೈಲಿಗೆ. ಕೆಂಡಮ್ಮನಿಗೆ ಲೋಕದಲ್ಲಿದ್ದವರೇ ಆ ಇಬ್ಬರು.

ಕೆಂಡಮ್ಮ ಎಂಬುದು ಪೊಲೀಸ್ ಇಲಾಖೆಯವರು ಇಟ್ಟ ಹೆಸರು. ಅವಳ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ತೆಪ್ಪಗೆ ಬಿದ್ದಿತ್ತು. ಹೇಳಿದ ಹಾಗೆ ಬರೆಯಲಿಲ್ಲವೆಂದು ಗದರಿದ ಮೇಲಧಿಕಾರಿಯ ಎದುರಿಗೆ ಟೋಪಿ ಎಸೆದು ಬಂದು ಆರು ವರ್ಷವಾಗಿತ್ತು. ಖಾಸಗಿ ಪತ್ತೇದಾರಿಕೆ ಶುರು ಮಾಡಿದ ಮೇಲೂ ಕೋಪ ಮೂಗಿನ ತುದಿ ಬಿಟ್ಟು ಕೆಳಗಿಳಿದಿರಲಿಲ್ಲ.

"ಪುಟ್ಟಿ, ಅಳಿಸೋದಕ್ಕೆ ಈ ಸನ್ನೆ ರೂಪಿಸಿದ್ದು ನೀನು ತಾನೇ?"

ಮಾಲೀಕನ ಮೇಜುಗಳಿಗೆ ಸನ್ನೆ ರೂಪಿಸುವ ಕೆಲಸದ ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಸ್ವೆಟರಿನ ಜೇಬಿನಿಂದ ಬಲಗೈ ಹೊರಗೆ ಬಂದಿರಲಿಲ್ಲ. "ಹೂಂ."

"ಹೀಗೆ ಯಾಕೆ ರೂಪಿಸ್ದೆ, ನನಗೆ ಅರ್ಥ ಆಗೋ ಹಾಗೆ ಹೇಳು."

"ಬೆಂಕಿ ಬಿದ್ದಾಗ ಎಲ್ರೂ ಮೇಜಿನ ಮೇಲೆ ಬಾಗ್ತಾರೆ ಅಕ್ಕ. ಮೊಣಕೈ ಊರ್ತಾರೆ, ಟೀ ಲೋಟ ಇಡ್ತಾರೆ. ಯಾರದೋ ತೋಳು ತಾಗಿ ಗಾಡಿ ಅಳಿಸಿಹೋಗ್ಬಾರ್ದು. ಅದಕ್ಕೆ ಎದುರುಬದುರು ಅಂಚಲ್ಲಿ ಎರಡು ಅಂಗೈ, ನಾಲ್ಕು ಸೆಕೆಂಡು. ಮೇಜಿನ ಅಗಲ ಒಬ್ಬರ ತೋಳಿಗೆ ನಿಲುಕಲ್ಲ. ಎಲ್ರಿಗೂ ಗೊತ್ತಾಗ್ಲಿ ಅಂತ ಸೆಕೆಂಡಿಗೊಂದು ಸದ್ದು. ಅಷ್ಟರಲ್ಲಿ ಮೂರನೇ ಅಂಗೈ ಬಿದ್ರೆ ಅಳಿಸೋದು ನಿಲ್ಲುತ್ತೆ."

"ಮೂರನೇದು ಯಾಕೆ?"

"ಬೇಡ ಅನ್ನೋರಿಗೂ ಒಂದು ಜಾಗ ಬೇಕಲ್ಲ."

ಮಾಲೀಕ ತಲೆಯಾಡಿಸಿದ, ತಾನೇ ಹೇಳಿಕೊಟ್ಟ ಪಾಠ ಒಪ್ಪಿಸಿದಳೇನೋ ಎಂಬಂತೆ. "ಗಾಡಿ ಇರ್ಲಿ, ದಾಖಲೆ ಇರ್ಲಿ, ಈ ಮೇಜಲ್ಲಿ ಏನು ಅಳಿಸ್ಬೇಕಾದ್ರೂ ಅದೇ ನಿಯಮ. ಮನುಷ್ಯರು ತಪ್ಪು ಮಾಡ್ತಾರೆ ಮೇಡಂ. ಮೇಜು ತಪ್ಪು ಮಾಡಲ್ಲ."

ಸತ್ತ ಹುಡುಗನ ತಾಯಿಯ ಮುಂದೆಯೂ ಅವನು ಇದೇ ಮಾತು ಹೇಳಿದ್ದ. ಆಕೆ ಎದ್ದು ಹೋಗಿದ್ದಳು. ಕೆಂಡಮ್ಮನಿಗೆ ಅವನ ಕೈಯ ಬಟ್ಟೆ ಕಿತ್ತು ಬಾಯಿಗೆ ತುರುಕಬೇಕೆನಿಸಿತು. ಅದರ ಬದಲು ಮೇಜಿನ ಮೇಲೆ ಬಾಗಿದಳು.

"ನಿಧಾನವಾಗಿ ಓಡಿಸಿ."

ನಾಲ್ಕು ಸೆಕೆಂಡು ನಲವತ್ತಾಯಿತು. ಮಾವನ ಕುರ್ಚಿಯ ಕಡೆಯ ಅಂಗೈ ಮೊದಲು ಚಿಕ್ಕದಾಗಿ ಬಿದ್ದು, ಭಾರ ಹೆಚ್ಚಿದಂತೆ ಅಗಲವಾಗಿ, ಅಂಚಿನಲ್ಲಿ ಸಣ್ಣಗೆ ನಡುಗುತ್ತಿತ್ತು. ಪುಟ್ಟಿಯ ಸ್ಟೂಲಿನ ಕಡೆಯ ಅಂಗೈ ಬಿದ್ದದ್ದು ಒಂದೇ ಸಲಕ್ಕೆ. ಬಿದ್ದ ಮೇಲೆ ಎಳ್ಳಷ್ಟೂ ಅಲ್ಲಾಡಲಿಲ್ಲ.

ಕೆಂಡಮ್ಮ ಪಕ್ಕದಲ್ಲಿ ತನ್ನ ಅಂಗೈ ಊರಿದಳು. ಗಾಜಿನಲ್ಲಿ ಮೂಡಿದ ಬಿಳುಪು ಅವಳ ಉಸಿರಿನ ಜೊತೆಗೇ ಹಿಗ್ಗಿ ಕುಗ್ಗಿತು. ಅಲ್ಲಾಡದಂತೆ ಹಲ್ಲು ಕಚ್ಚಿ ಒತ್ತಿ ಹಿಡಿದಳು. ನಡುಕ ಇನ್ನೂ ಜಾಸ್ತಿಯಾಯಿತು.

"ಜೀವ ಇರೋ ಕೈ ಸುಮ್ನಿರಲ್ಲ," ಎಂದಳು. "ಆ ಕೈ ಯಾಕೆ ಸುಮ್ನಿದೆ?"

ಮಾಲೀಕ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ಉತ್ತರ ಬಂತು. ಮೇಜಿನ ಚೌಕಟ್ಟಿಗೆ ಪಾಲಿಶ್ ಪೇಪರ್ ಉಜ್ಜುತ್ತಿದ್ದ ಬಡಗಿಗೆ ಅರವತ್ತು ದಾಟಿತ್ತು. ಯಾರ ಮುಂದೆ ಏನು ಹೇಳಬಾರದೆಂಬ ಭಯವನ್ನು ಅವನು ಎಂದೋ ಬಿಟ್ಟಿದ್ದ.

"ರಬ್ಬರ್ ಕೈ ಇರ್ಬೇಕಮ್ಮ."

"ಏನದು ರಬ್ಬರ್ ಕೈ?"

"ಹೊಸ ಮೇಜು ಬಂದ್ರೆ ದಿನಕ್ಕೆ ಸಾವಿರಗಟ್ಲೆ ಸಲ ಮುಟ್ಟಿ ನೋಡ್ಬೇಕು. ಯಾರ ಕೈಯಲ್ಲಾಗುತ್ತೆ? ಅದಕ್ಕೆ ಪುಟ್ಟಮ್ಮನ ಅಂಗೈ ಅಚ್ಚು ತೆಗ್ದು ಕರೆಂಟ್ ಹರಿಯೋ ರಬ್ಬರಲ್ಲಿ ಮಾಡಿದ್ದೆ." ಎದ್ದು ಡ್ರಾಯರ್ ಎಳೆದ. ತೋಳುದ್ದದ ಕೋಲಿನ ತುದಿಗೆ ಒಂದು ಕಪ್ಪು ಅಂಗೈ. "ಕೋಲು ಹಿಡ್ಕೊಂಡ್ರೆ ಈ ಅಂಚಿಂದ ಆ ಅಂಚಿಗೂ ನಿಲುಕುತ್ತೆ. ಮೇಜಿಗೆ ಇದು ನಿಜವಾದ ಕೈಯೇ. ಎರಡು ಮಾಡಿದ್ದೆ."

"ಇನ್ನೊಂದೆಲ್ಲಿ?"

ಬಡಗಿ ಡ್ರಾಯರಿನೊಳಗೆ ಕೈಯಾಡಿಸಿದ, ಕೆಳಗಿನದನ್ನೂ ಎಳೆದು ನೋಡಿದ. "ಇಲ್ಲಿಲ್ಲ."

"ಸವೆದುಹೋಗಿರುತ್ತೆ, ಎಸೆದಿರ್ತೀವಿ," ಎಂದ ಮಾಲೀಕ. "ನೀನು ಊಟಕ್ಕೆ ಹೋಗು."

"ಊಟ ಆಯ್ತು ಸಾರ್."

"ಇನ್ನೊಂದು ಸಲ ಮಾಡು ಹೋಗು."

ಬಡಗಿ ಕೆಂಡಮ್ಮನ ಮುಖ ನೋಡಿಕೊಂಡೇ ಹೊರಗೆ ನಡೆದ. ಬಾಗಿಲು ಮುಚ್ಚಿತು. ಕೆಂಡಮ್ಮ ಕೋಲನ್ನು ಎತ್ತಿಕೊಂಡು ಕಪ್ಪು ಅಂಗೈಯನ್ನು ಗಾಜಿಗೆ ಒತ್ತಿದಳು. ಐದು ಬೆರಳ ತುದಿಯ ಐದು ಚುಕ್ಕೆ, ಕೆಳಗೆ ಅಂಗೈಯ ಬುಡ. ಅಚ್ಚು ಹೊಡೆದ ಹಾಗೆ ನಿಂತಿತು. ಸ್ಟೂಲಿನ ಕಡೆಯ ಅಂಗೈಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನಿಮ್ಮ ವರದಿ ಯಾವ ಆಧಾರದ ಮೇಲೆ ಇದನ್ನ ಪುಟ್ಟಿ ಕೈ ಅಂತು?"

"ಕೆಲಸಗಾರರ ಅಂಗೈ ಅಳತೆ ಮೇಜಲ್ಲಿರುತ್ತೆ. ಸರಿಯಾಗಿ ಹೊಂದಿದೆ."

"ಯಾವತ್ತಿನ ಅಳತೆ?"

ಮಾಲೀಕ ಕೈಯ ಬಟ್ಟೆಯನ್ನು ಮಡಿಸತೊಡಗಿದ.

"ನಾನು ಹೇಳ್ತೀನಿ. ಅಚ್ಚು ತೆಗೆದ ದಿನದ್ದು. ಮೂರು ವರ್ಷದ ಹಿಂದಿನದ್ದು." ಕೆಂಡಮ್ಮ ತಂಗಿಯ ಹತ್ತಿರ ಹೋಗಿ ಬಲಗೈಯನ್ನು ಜೇಬಿನಿಂದ ಹೊರಗೆಳೆದಳು.

"ಅಕ್ಕ, ಸಾಕು ಬಿಡು," ಎಂದಳು ಪುಟ್ಟಿ.

"ನೀನು ಸುಮ್ನಿರು."

ಕಳೆದ ವರ್ಷ ಇದೇ ಕೋಣೆಯಲ್ಲಿ ಮೇಜಿನ ಗಾಜು ಕೈಜಾರಿ ಪುಟ್ಟಿಯ ತೋರುಬೆರಳಿನ ನರ ತುಂಡಾಗಿತ್ತು. ಆಸ್ಪತ್ರೆಯವರು ಹೊಲಿದರೂ ಬೆರಳು ಬಾಗಲಿಲ್ಲ, ಮೇಲಕ್ಕೇ ಸೆಟೆದು ನಿಂತಿತು. ಸನ್ನೆ ರೂಪಿಸುವವಳಿಗೆ ತೋರುಬೆರಳೇ ಇಲ್ಲದಂತಾಯಿತು. ಒಂದು ವಾರ ಅತ್ತವಳು ಎದ್ದು ಕೂತು, ಯಾರಿಗೂ ಯಾವ ಬೆರಳೂ ಕಡ್ಡಾಯವಲ್ಲ ಎಂದು ಎಲ್ಲ ಸನ್ನೆಗಳನ್ನೂ ಹೊಸದಾಗಿ ಮಾಡಿದ್ದಳು. ಮಾಲೀಕ ಅದಕ್ಕೆ ತನ್ನ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನೂ ತೆಗೆದುಕೊಂಡಿದ್ದ.

ಕೆಂಡಮ್ಮ ತಂಗಿಯ ಅಂಗೈಯನ್ನು ಗಾಜಿಗೆ ಊರಿಸಿದಳು. ಹೆಬ್ಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು. ನಾಲ್ಕು ಚುಕ್ಕೆ ಮೂಡಿದವು. ತೋರುಬೆರಳು ಇರಬೇಕಾದ ಜಾಗ ಖಾಲಿಯಿತ್ತು.

"ನೋಡಿ. ಇದು ನನ್ನ ತಂಗಿಯ ಇವತ್ತಿನ ಕೈ, ನಾಲ್ಕೇ ಚುಕ್ಕೆ. ನಿಮ್ಮ ದಾಖಲೇಲಿರೋದು ಐದು ಚುಕ್ಕೆ. ಅದು ಇವಳ ಮೂರು ವರ್ಷದ ಹಿಂದಿನ ಕೈ. ಆ ಕೈ ಈಗ ಈ ಭೂಮಿ ಮೇಲೆ ನಿಮ್ಮ ಡ್ರಾಯರಲ್ಲಿ ಬಿಟ್ರೆ ಎಲ್ಲೂ ಇಲ್ಲ."

"ಹಾಗಾದ್ರೆ ನಿಮ್ಮ ಮಾವ?"

"ಮಾವ ಸುಳ್ಳು ಹೇಳೋರಲ್ಲ. ಒತ್ತಿದೆ ಅಂದ್ರೆ ಒತ್ತಿದ್ದಾರೆ. ನಕ್ಷೆ ನೋಡೋಕೆ ಬಾಗಿ ಅಂಗೈ ಊರಿರ್ತಾರೆ. ಅದನ್ನೇ ಕಾದು ಯಾರೋ ಎದುರಿಂದ ಈ ಕೋಲು ಚಾಚಿದ್ದಾರೆ. ರಬ್ಬರ್ ಕೈ ಇರೋದು ಯಾರಿಗೆ ಗೊತ್ತು? ಅಳತೆ ಯಾರದಕ್ಕೆ ಹೊಂದುತ್ತೆ ಅಂತ ಯಾರಿಗೆ ಗೊತ್ತು? ಅವತ್ತು ಠಾಣೆಗೆ ನೀವೂ ಬಂದಿದ್ರಿ. ಗೇಟಿನ ಪುಸ್ತಕದಲ್ಲಿ ನಿಮ್ಮ ಸಹಿ ಇದೆ."

"ಬೆಳಗ್ಗೆ ಬಂದಿದ್ದೆ. ಮೇಜಿಗೆ ಹೊಸ ನಕ್ಷೆ ಹಾಕ್ಸೋಕೆ. ಹತ್ತು ಗಂಟೆಗೆಲ್ಲ ಹೊರಟೆ, ಅದೂ ಅದೇ ಪುಸ್ತಕದಲ್ಲಿದೆ. ಬೆಂಕಿ ಬಿದ್ದಿದ್ದು ಮಧ್ಯಾಹ್ನ."

"ಹಿಂದಿನ ಬಾಗಿಲಿಗೆ ಪುಸ್ತಕ ಇಲ್ಲ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಮೇಡಂ."

"ಒಬ್ಬ ಹುಡುಗ ಕಿಟಕೀಲಿ ನಿಂತು ಏಣಿ ಬರುತ್ತೆ, ಏಣಿ ಬರುತ್ತೆ ಅಂತ ಸುಟ್ಟುಹೋದ. ಅದನ್ನ ತಂದು ನನ್ನ ಮನೆಯವರ ತಲೆಗೆ ಕಟ್ಟಿ, ನೀವಿಲ್ಲಿ ಬಟ್ಟೆ ಹಿಡ್ಕೊಂಡು ಗಾಜು ಒರೆಸ್ತಾ ಇದೀರಿ. ಬಾಯಿಗೆ ಬಂದಿದ್ದರಲ್ಲಿ ಕಾಲು ಭಾಗಾನೂ ಇನ್ನೂ ಆಡಿಲ್ಲ ನಾನು."

ಅವಳಿಗೆ ಹನ್ನೊಂದು ದಿನದಲ್ಲಿ ಮೊದಲ ಸಲ ಎದೆಯ ಮೇಲಿನ ಕಲ್ಲು ಸರಿದ ಹಾಗೆನಿಸಿತು. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ. ಈ ದಾಖಲೆ, ಈ ಕೋಲು, ಪುಟ್ಟಿಯ ಬೆರಳು, ಮೂರನ್ನೂ ಸಮಿತಿಯ ಮುಂದಿಟ್ಟರೆ ಮುಗಿಯಿತು.

ಮಾಲೀಕ ಕನ್ನಡಕ ತೆಗೆದು ಅದೇ ಬಟ್ಟೆಯಲ್ಲಿ ಒರೆಸಿದ. ಹಾಕಿಕೊಂಡು ಮೇಜನ್ನೇ ನೋಡಿದ.

"ಸ್ಟೂಲಿನ ಕಡೆ ಕೈ ರಬ್ಬರ್ ಅಂತ ಒಪ್ತೀನಿ," ಎಂದ ಮೆಲ್ಲಗೆ. "ನೀವು ಹದಿನೈದು ಸಲವೂ ಅದನ್ನೇ ನೋಡಿದ್ರಿ. ಎದುರಿನ ಕೈನೂ ಒಂದ್ಸಲ ನೋಡಿ."

"ಅದು ಮಾವನದು. ಅವರೇ ಒಪ್ಪಿದಾರೆ."

"ನೋಡಿ ಮೇಡಂ. ಚುಕ್ಕೆ ಎಣಿಸಿ."

ಕೆಂಡಮ್ಮ ಎಣಿಸಿದಳು.

ಹೆಬ್ಬೆರಳು. ಆಮೇಲೆ ಒಂದು ಖಾಲಿ ಜಾಗ. ಆಮೇಲೆ ಮೂರು ಬೆರಳು.

ಮತ್ತೆ ಎಣಿಸಿದಳು. ಪಕ್ಕದಲ್ಲೇ ಪುಟ್ಟಿಯ ಅಂಗೈಯ ಗುರುತು ಗಾಜಿನಲ್ಲಿ ಇನ್ನೂ ಆರಿರಲಿಲ್ಲ. ಎರಡೂ ಒಂದೇ ಕೈ.

ಒಪ್ಪಿಕೊಂಡವನ ಕೈಯನ್ನು ಯಾರೂ ಪರೀಕ್ಷಿಸುವುದಿಲ್ಲ. ಪೊಲೀಸರು ದಿನಬೆಳಗಾದರೆ ಮಾಡುವ ತಪ್ಪು ಅದು. ಆ ತಪ್ಪಿಗಾಗಿ ಕಿರಿಯ ಅಧಿಕಾರಿಗಳನ್ನು ಅವಳು ನೀರಿಳಿಸಿ ಬೈದದ್ದುಂಟು. ಈಗ ತಾನೇ ಮಾಡಿದ್ದಳು. ತಂಗಿಯನ್ನು ಬಿಡಿಸಲೆಂದು ಒಂದೊಂದೇ ಹೆಣೆದ ಸಾಕ್ಷ್ಯ ತಂಗಿಯ ಕೊರಳಿಗೇ ಬಿದ್ದಿತ್ತು, ಹಾಕಿದವಳೂ ತಾನೇ.

ಕೋಲನ್ನು ಮೇಜಿನ ಮೇಲೆ ಬಿಸಾಡಿ, ತಂಗಿಯ ರಟ್ಟೆ ಹಿಡಿದು ಕಿಟಕಿಯವರೆಗೆ ಎಳೆದೊಯ್ದಳು.

"ಅದು ನಿನ್ನ ಕೈನಾ?"

"ಹೂಂ."

"ಮಾವನ ಕುರ್ಚಿ ಕಡೆ ನೀನೇನು ಮಾಡ್ತಿದ್ದೆ?"

ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಕೆಂಡಮ್ಮನಿಗೆ ಬೈಯಲು ಸುಲಭವಾಗುತ್ತಿತ್ತು.

"ಮಾವನ ಕೈನ ಮೇಜು ಗುರುತಿಸಲ್ಲ ಅಕ್ಕ. ಚರ್ಮ ಸುಟ್ಟು ಒಣಗಿದೆ. ಎಷ್ಟು ಒತ್ತಿದ್ರೂ ಅದರ ಪಾಲಿಗೆ ಅಲ್ಲಿ ಕೈಯೇ ಇಲ್ಲ. ಮೂವತ್ತು ವರ್ಷ ದುಡಿದೋರನ್ನ ಒಂದು ಮೇಜು ಗುರುತಿಸ್ಲಿಲ್ಲ ಅಂತ ಮನೆಗೆ ಕಳಿಸ್ಬಿಡ್ತಿದ್ರು. ಅದಕ್ಕೆ ಎರಡನೇ ರಬ್ಬರ್ ಕೈನ ನಾನೇ ಕದ್ದು ಕೊಟ್ಟೆ. ಐದು ತಿಂಗಳಿಂದ ಅವರು ಅದರಲ್ಲೇ ಕೆಲಸ ಮಾಡ್ತಿದ್ರು."

ಇಕ್ಕಳದಂಥ ಆ ಕೈಗಳು ಕೆಂಡಮ್ಮನ ಕಣ್ಣ ಮುಂದೆ ಬಂದವು. ತಾವು ನಕ್ಕಿದ್ದು ನೆನಪಾಯಿತು.

"ಅಂದ್ರೆ ರಬ್ಬರ್ ಕೈ ಹಿಡಿದಿದ್ದು..."

"ಮಾವ. ಸ್ಟೂಲಿನ ಹತ್ರ ವೈರ್‌ಲೆಸ್ ಇದೆ, ಅವ್ರು ಅಲ್ಲಿದ್ರು. ನಾನು ಅವರ ಕುರ್ಚಿ ಕಡೆ. ಇಬ್ರೂ ಒತ್ತಿದ್ವಿ. ಮಾವ ಸುಳ್ಳು ಹೇಳಿಲ್ಲ. ನ‌ನ್ನ ಹೆಸರು ಹೇಳಿಲ್ಲ ಅಷ್ಟೇ. ನೀನೂ ಬಾಯಿ ಬಿಡ್ಬೇಡ, ರಬ್ಬರ್ ಕೈ ವಿಷಯ ಬಂದ್ರೆ ನಿನ್ನ ಬದುಕು ಹಾಳಾಗುತ್ತೆ ಅಂತ ಮಾತು ತಗೊಂಡ್ರು."

"ಹನ್ನೊಂದು ದಿನ ನನ್ನನ್ನ ಹುಚ್ಚಿ ಥರ ಊರೆಲ್ಲ ಸುತ್ತಿಸಿದ್ರಲ್ಲೇ ಇಬ್ರೂ." ಕೆಂಡಮ್ಮ ಕಿಟಕಿಯ ಸರಳನ್ನು ಹಿಡಿದುಕೊಂಡಳು, ಇಲ್ಲದಿದ್ದರೆ ಹೊಡೆದುಬಿಡುತ್ತಿದ್ದಳು. "ಯಾಕೆ ಅಳಿಸಿದ್ರಿ? ಹುಡುಗ ಮೇಲಿದಾನೆ ಅಂತ ಗೊತ್ತಿದ್ದೂ ಯಾಕೆ ಅಳಿಸಿದ್ರಿ?"

"ಗಾಡೀಲಿ ಆರು ಜನ ಇದ್ರು ಅಕ್ಕ. ಹೊಳೆ ಸೇತುವೆ ಕಂಬ ಬಿರುಕು ಬಿಟ್ಟಿದೆ ಅಂತ ದೊಡ್ಡ ಗಾಡಿಗಳನ್ನ ನಿಲ್ಲಿಸಿ ತಿಂಗಳಾಗಿತ್ತು. ನೋಡೋಕೆ ಸೇತುವೆ ಚೆನ್ನಾಗೇ ಇದೆ. ಆದ್ರೆ ಅವತ್ತು ಬೆಳಗ್ಗೆ ಹಾಕಿದ ಹೊಸ ನಕ್ಷೆ ಏಣಿ ಗಾಡೀನ ಅದರ ಮೇಲೇ ಕಳಿಸ್ತಿತ್ತು. ದಾರಿ ಬದಲಾಯಿಸೋಕೆ ಹೋದ್ವಿ, ಮೇಜು ತಗೊಳ್ಳಿಲ್ಲ. ಮಾವ ವೈರ್‌ಲೆಸ್‌ನಲ್ಲಿ ಕೂಗಿ ಕೂಗಿ ಸುಸ್ತಾದ್ರು, ಯಾರೂ ಸಿಗ್ಲಿಲ್ಲ. ಅಳಿಸಿದ್ರೆ ಮಾತ್ರ ಡ್ರೈವರ್ ಪರದೇಲಿ ವಾಪಸ್ ಅಂತ ಬರುತ್ತೆ. ಸೇತುವೆಗೆ ಇನ್ನೊಂದು ತಿರುವು ಇತ್ತು ಅಷ್ಟೇ. ಆಮೇಲೆ ಬೇರೆ ದಾರೀಲಿ ಕಳಿಸಿದ್ವಿ. ಅಷ್ಟರಲ್ಲಿ ತಡವಾಯ್ತು."

"ಇದನ್ನ ಸಮಿತಿಗೆ ಹೇಳೋಕೇನು?"

"ಮಾರನೇ ದಿನ ನೋಡಿದ್ರೆ ಠಾಣೆಯ ನಕ್ಷೆ ಸರಿಯಾಗಿತ್ತು. ಯಾರೋ ರಾತ್ರೋರಾತ್ರಿ ಸರಿ ಮಾಡಿದ್ರು. ಯಾರು ನಂಬ್ತಾರೆ?"

"ಆ ತಪ್ಪು ನಕ್ಷೆ ಎಲ್ಲೂ ಉಳಿದಿಲ್ವಾ?"

"ಉಳಿದಿದೆ. ಇದೇ ದಾಖಲೆಯಲ್ಲಿ, ಅಂಗೈಗಳ ಕೆಳಗೆ. ದಾರಿ ಗೆರೆಗಳನ್ನ ಮುಚ್ಚಿಟ್ಟಿದಾರೆ, ನಾನು ತೆಗೀಬಲ್ಲೆ. ಆದ್ರೆ ಇರೋದು ಇದೊಂದೇ ಪ್ರತಿ."

ಟಿಕ್.

ಕೆಂಡಮ್ಮ ತಿರುಗಿದಳು. ಮಾಲೀಕ ಮೇಜಿನ ಮೇಲೆ ಮೈಚೆಲ್ಲಿದ್ದ. ಅವನ ಎಡ ಅಂಗೈ ಈಚೆ ಅಂಚಿನಲ್ಲಿತ್ತು. ಬಲಗೈಯಲ್ಲಿ ಚಾಚಿ ಹಿಡಿದ ಕೋಲಿನ ತುದಿಯ ಕಪ್ಪು ಅಂಗೈ ಆಚೆ ಅಂಚನ್ನು ಒತ್ತಿತ್ತು.

ಟಿಕ್.

"ಮೂರನೇ ಕೈ ಅಕ್ಕ," ಎಂದಳು ಪುಟ್ಟಿ.

ಕಿಟಕಿಯಿಂದ ಮೇಜಿಗೆ ಎಂಟು ಹೆಜ್ಜೆ. ಅಡ್ಡವಿದ್ದ ಸ್ಟೂಲ್ ಅವಳ ಮೊಣಕಾಲಿಗೆ ಬಡಿದು ಉರುಳಿತು.

ಟಿಕ್.

ಮುಂದಕ್ಕೆ ಬಿದ್ದೇ ಕೆಂಡಮ್ಮ ಅಂಗೈ ಚಾಚಿದಳು. ಅದು ಗಾಜಿಗೆ ಬಡಿದ ಸದ್ದು ಮತ್ತು ನಾಲ್ಕನೆಯ ಟಿಕ್ ಒಟ್ಟಿಗೇ ಕೇಳಿಸಿದವು.

ನಕ್ಷೆ ಇರಲಿಲ್ಲ. ಹಳೆಯ ಅಂಗೈಗಳೂ ಇರಲಿಲ್ಲ. ಕಪ್ಪು ಗಾಜಿನ ಮೇಲೆ ಅವಳ ಐದು ಬೆರಳಿನ ಬಿಳುಪು ಮಾತ್ರ ನಡುಗುತ್ತಿತ್ತು.

ಮಾಲೀಕ ಕೋಲನ್ನು ಡ್ರಾಯರಿನಲ್ಲಿಟ್ಟ. ತನ್ನ ಕೈ ತಾಗಿದ ಅಂಚನ್ನು ಚೆನ್ನಾಗಿ ಒರೆಸಿದ. ಆಮೇಲೆ ಫೋನ್ ಎತ್ತಿಕೊಂಡ.

"ಸಮಿತಿಯವರಾ? ಒಂದು ಕೆಟ್ಟ ಸುದ್ದಿ ಸಾರ್. ದಾಖಲೆ ಅಳಿಸಿಹೋಗಿದೆ. ಈಗಷ್ಟೇ, ನನ್ನ ಕಣ್ಣೆದುರಿಗೇ." ಅವನು ಕೆಂಡಮ್ಮನ ಅಂಗೈಯನ್ನೇ ನೋಡುತ್ತಿದ್ದ. "ಇಲ್ಲ ಸಾರ್, ಮೇಜು ತಪ್ಪು ಮಾಡಲ್ಲ. ಇಬ್ಬರು ಒತ್ತಿದ್ರು. ಅಕ್ಕ, ತಂಗಿ."